ಬಲಗಡೆ ಬಾಗಿಲಾ

ಕೆರದು, ಪಾಲಿಶ್ ಹೊಡದು, ತೇಗಿನಂಗ ಮಾಡಿಡು, ಗೈಬೂಸಾಬ,
ಗುರುವಾರ ಟೆಂಪೋ ಬರತೈತಿ, ಅಂದ ಹುಬ್ಬಳ್ಳಿ ಶೇಟಜಿ.

ಬೆಟಗೇರಿ ಮಿಶನ್ ಕಂಪೌಂಡಿನ ಬೇವಿನ ನೆಳ್ಳಾಗ
ನಾಕು ಇಟ್ಟಂಗಿ ಮ್ಯಾಲೆ ಕಪಾಟು.
ಯಾವ ಪಾದ್ರಿ ಹೇಂತಿಯ ತವರಿಂದೋ
ಜರ್ಮನಿ ಹಡಗ ಹತ್ತಿ ಬಂದದ್ದು.

ಉಸುಕಿನ ಕಾಗದ ತಿಕ್ಕಿದೆ.
ಸರಕಾರಿ ಬೂದಿ ಹೋತು. ಆಸ್ಪತ್ರಿ ಹಸರು ಹೋತು.
ಎಡಬಾಗಿಲದಾಗ ಒಂದು ಕೆಂಪು ಎಸಳು.

ಕೈ ನಿಂತಬಿಡ್ತು.
ಹೂ ಗೊತ್ತಿಲ್ಲ, ಎಸಳು ಗೊತ್ತು:
ಕುಂಚದ ಒಂದು ಮಗ್ಗಲಕ ಕೆಂಪು, ಒಂದಕ ಬಿಳಿ,
ಹೊಟ್ಟಿ ಊರಿ, ಮಣಿಕಟ್ಟು ಹೊರಳಿಸಿ
ತುದಿ ಎತ್ತಿಬಿಡೂದು.
ಮೂವತ್ತು ವರ್ಷ ಲಾರಿಗೋಳ ಬೆನ್ನಮ್ಯಾಲೆ ನಾ ಎಳದದ್ದೂ ಇದನ್ನ.
ನಮ್ಮ ಉಸ್ತಾದ ಇದಕ ಮೀನ ಅಂತಿದ್ದ.

‘ಅದು ಟ್ಯೂಲಿಪ್’ ಅಂದ್ರು ರಾಹೇಲವ್ವ ಟೀಚರ್.
‘ಮದುವಿ ಕಪಾಟದು. ಹುಡುಗಿ ಹೆಸರಿನ ಅಕ್ಷರ, ಇಸವಿ ಬರಸತಿದ್ರು,
ಒಳಗ ಆಕಿ ತಾನ ನೂತ ಅರಿವಿ.’
ಇಲ್ಲಿ ಒಳಗಿದ್ದದ್ದು ನೇಕಾರರ ಹಾಜರಿ ಪುಸ್ತಕ,
ಜ್ವರದ ಗುಳಗಿ, ಸತ್ತ ಜೊಂಡಿಗ್ಯಾ.

ಬಲಬಾಗಿಲಾ ತಿಕ್ಕಿದೆ. ಕಟ್ಟಿಗಿ ಬ್ಯಾರೆ.
ಆ ದೇಶದ ಮೆತ್ತನ ಕಟ್ಟಿಗಿ ನಮ್ಮ ಒರಲಿ ಬಿಟ್ಟಾವೇನು?
ಯಾರೋ ಇಲ್ಲ್ಯಾಂವ ಹೊಸಾದು ಕೂಡ್ರಿಸಿ
ಎಡದ್ದು ನೋಡಿ ಬಲಕ್ಕ ಬರದಾನ.
ಟ್ಯೂಲಿಪ್ ಬರಕೋತ ಬರಕೋತ ಹತ್ತಿ ಹೂ ಆಗೇತಿ,
ಕೆಳಗ ಒಂದು ಕಾಯಿನೂ ಬಿಟ್ಟೈತಿ.
ಹಕ್ಕಿ ಕೊಳ್ಳಾಗ ಗಿಣಿಯ ಉಂಗುರ.
ಅಕ್ಷರ ಅವಂಗ ಅಕ್ಷರಲ್ಲ, ಬಳ್ಳಿ:
ಜೋಡಿ ಕೂಡಲೆಂತ ಕನ್ನಡ್ಯಾಗಿನಂಗ ತಿರುವ್ಯಾನ,
ಇಸವೀನೂ ತಿರುವ್ಯಾನ.

ನಗಬೇಕಂದೆ, ಬರಲಿಲ್ಲ.
ನಾನೂ ತಮಿಳ ಲಾರಿಗೆ ತಮಿಳ ಬರದಾಂವ,
ಚೀಟಿ ನೋಡಿ, ಒಂದಕ್ಷರ ತಿಳೀದ.
ಒಮ್ಮೆ ಒಬ್ಬ ಡ್ರೈವರ್ ಅದನ್ನೋದಿ
ಸ್ಟೇರಿಂಗಿಗೆ ಹಣಿ ಹಚ್ಚಿ ಅತ್ತ.
ಏನ ಬರದಿದ್ನೋ.

ಫೋಟೋ ಕಳಿಸಿದೆ. ಶೇಟಜಿ ದನಿ ಬದಲಾತು.
‘ಕೆರೀಬ್ಯಾಡ ಮಾರಾಯಾ! ಎಡದ್ದಕ್ಕ ಭಾರಿ ರೇಟು.
ಬಲದ್ದು ಡೂಪ್ಲಿಕೇಟು, ಬಿಚ್ಚಿ ಒಗಿ.’
ಟೀಚರ್ ಏನೂ ಅನಲಿಲ್ಲ.
ಚಾದ ಕಪ್ಪು ಬಸಿಮ್ಯಾಲೆ ಬೋರಲ ಹಾಕಿದ್ರು.

ಈಗದು ನನ್ನ ಶೆಡ್ಡಿನ ಗ್ವಾಡಿಗೆ ಆನಿಕೊಂಡೈತಿ,
ತೆಗ್ಯಾಕ ಏನೂ ಇಲ್ಲದ ಬಾಗಿಲಾ.

ಇವತ್ತು ಮುಂಡರಗಿ ಕಬ್ಬಿನ ಲಾರಿ ಬಂದೈತಿ.
ಹಿಂದಿನ ಫಳಿ, ಎಡಕ ಒಂದು ಹೂ ಆತು.
ಬಲಕ ಬರಿಯೂಮುಂದ
ಕಾಯಿ ಬಿಡಸಲೋ, ಬ್ಯಾಡೋ,
ಕುಂಚ ತುಂಬಕೊಂಡು ಕುಂತೀನಿ.