ಅಳತೆ ಪುಸ್ತಕ

ಮೂವತ್ತೊಂದು ವರ್ಷ ನಗರಸಭೆಯ ಟೇಪು ಹಿಡಿದು
ದಾವಣಗೆರೆಯ ಗೋಡೆಗಳನ್ನು ಅಳೆದವನು ನಾನು,
ಕಂದಾಯಕ್ಕೆ.
ತಾರಸಿಗೆ ಇಷ್ಟು, ಹೆಂಚಿಗೆ ಇಷ್ಟು, ತಗಡಿಗೆ ಇಷ್ಟು.
ಕಟ್ಟಿದವರು ಯಾರು ಅನ್ನುವ ಕಾಲಂ
ನಮ್ಮ ನಮೂನೆಯಲ್ಲಿ ಇರಲಿಲ್ಲ.

ಈಗ ನಿವೃತ್ತ. ಟೇಪು ಅದೇ,
ಮೊದಲ ನಾಲ್ಕು ಅಂಗುಲ ಹರಿದುಹೋಗಿದೆ,
ಬಂದ ಲೆಕ್ಕದಲ್ಲಿ ನಾಲ್ಕು ಕಳೆಯಬೇಕು.
ಆ ತುದಿಗೆ ಪಕ್ಕದ ಮನೆಯ ಹಾಲೇಶಿ,
ದಿನಕ್ಕೊಂದು ಪ್ಲೇಟು ನರ್ಗೀಸ್ ಮಂಡಕ್ಕಿಯ ಕರಾರಿಗೆ.
ಈ ತುದಿಗೆ ನಾನು.
ನಡುವೆ ವದೂದ್ ಸಾಹೇಬರು.

ಎಂ. ಅಬ್ದುಲ್ ವದೂದ್.
ಮಂಜೂರಾದ ಪ್ಲಾನುಗಳಲ್ಲೆಲ್ಲ ಸಹಿ
ಲೈಸೆನ್ಸು ಇದ್ದ ಇನ್ನಾರದೋ.
ಸಂಬಳದ ಪಟ್ಟಿಯಲ್ಲಿ ಇವರು ‘ನಕಾಶೆ ಬರೆಯುವವ’,
ತಿಂಗಳಿಗೆ ತೊಂಬತ್ತು ರೂಪಾಯಿ.
ಕೈರೋ, ಬಾಗ್ದಾದು, ಢಾಕಾ ಎಂದು ಪಟ್ಟಿ ಮಾಡುವವರ
ಬೆರಳು ಇಲ್ಲಿಗೆ ಇಳಿಯುವುದಿಲ್ಲ.
ಇವರೂ ಬಾಗ್ದಾದು ಕಂಡವರಲ್ಲ,
ಹರಿಹರದ ಹೊಳೆ ದಾಟಿದ್ದು ಎರಡು ಸಲ,
ಒಂದು ಮದುವೆಗೆ.

ಆದರೂ ಗುರುತು ಸಿಗುತ್ತದೆ.
ಮಂಡಕ್ಕಿ ಭಟ್ಟಿಯ ಸಾಲಿನಲ್ಲಿ, ಸೂರಿನ ಕೆಳಗೆ
ಓರೆಯಾಗಿ ನಿಲ್ಲಿಸಿದ ಇಟ್ಟಿಗೆ, ಇಟ್ಟಿಗೆಗಳ ಸಂದು:
ಹುರಿವ ಹೊಗೆ ಹೊರಗೆ ಹೋಗಲಿ,
ಬಿಸಿಲು ಮಾತ್ರ ಒಳಗೆ ಬಾರದಿರಲಿ.
ಅದೇ ಓರೆ ಹತ್ತಿ ಗೋದಾಮಿನ ನೆತ್ತಿಯಲ್ಲಿ,
ಹೆರಿಗೆ ಆಸ್ಪತ್ರೆಯ ಮೆಟ್ಟಿಲ ಬದಿಯಲ್ಲಿ,
ಗ್ರಾನೈಟು ಮೆತ್ತಿಸಿಕೊಂಡ ಹಳೆ ಟಾಕೀಸಿನ
ಬಾಲ್ಕನಿ ಪಾಯಖಾನೆಯಲ್ಲೂ.
ಹಾಲೇಶಿ ಮೂಗು ಮುಚ್ಚಿಕೊಂಡೇ ಕೂಗಿದ:
ಒಂಬತ್ತಂಗುಲ ಸಾರ್, ಇಲ್ಲೂ ಒಂಬತ್ತೇ!

ಮಸೀದಿಗೆ ಗುಮ್ಮಟ ಇಡಲಿಲ್ಲ ಅವರು.
ಜಮಾತಿನ ಹಿರಿಯರು ಸಿಟ್ಟಾದರಂತೆ,
ಏನ್ರೀ ಇದು, ಗೋದಾಮು ಕಟ್ಟೀರಲ್ಲ!
ಹೌದು, ಅಂದರಂತೆ,
ಹೆಗಲ ಮೇಲಿನ ಅರಳೆ ಕೊಡವಿ ಬಂದು ನಿಲ್ಲೋರು
ಗೋದಾಮಿನವರೇ ಅಲ್ಲೇನು?
ಇಪ್ಪತ್ತು ವರ್ಷದ ಮೇಲೆ ಯಾರೋ
ಫೈಬರಿನದೊಂದು ತಂದು ಕೂರಿಸಿದರು. ಮಳೆಗೆ ಸೋರುತ್ತದೆ.
ಇದನ್ನು ಖುಷಿಯಿಂದ ಬರೆದುಕೊಂಡೆ,
ನಾಚಿಕೆಯಾಗಿ ಗೆರೆ ಹೊಡೆದೆ.

ಕೈಬರಹದ ಮೂಲ ನಕ್ಷೆ ಬೇಕಿತ್ತು, ಒಂದಾದರೂ.
ಬಾಷಾನಗರದ ಮಹಡಿಯಲ್ಲಿ ಮಗಳು ಖಮರುನ್ನೀಸಾ
ಚಹಾ ಇಟ್ಟು ನಕ್ಕರು:
ನಕ್ಷೆಗಳಾ? ಉಟ್ಟು ಹರಿದ್ವಿ.

ಆಗೆಲ್ಲ ಬಟ್ಟೆಯ ಮೇಲೆ ಬರೀತಿದ್ರು.
ಗಂಜಿ ಕುಡಿದು ಗಾಜಿನ ಹಾಗೆ ನಿಂತ ಹತ್ತಿ.
ಕಟ್ಟಡ ಎದ್ದ ಮೇಲೆ ಅಮ್ಮೀ ಅದನ್ನ ಬಿಸಿನೀರಿಗೆ ಹಾಕೋಳು,
ಗಂಜಿ ಬಿಟ್ಟರೆ ಮಲ್ಲಿನಷ್ಟು ಮೆತ್ತಗೆ.
ಜಬಲಾ, ಕುಲಾಯಿ, ತೊಟ್ಟಿಲ ಹಾಸು.
ಆಸ್ಪತ್ರೆ ತಂಗಿ ಹಾಕ್ಕೊಂಡ್ಲು.
ಟಾಕೀಸಿನ ಮೇಲೆ ತಮ್ಮ ಉಚ್ಚೆ ಹೊಯ್ದ.
ಅಬ್ಬಾಜಾನ್ ಬಯ್ಯಲಿಲ್ವಾ?
ಕಟ್ಟಿ ಆಯ್ತಲ್ಲ ಬೇಟಾ, ಇನ್ನು ಬಟ್ಟೆ ಬಟ್ಟೆಯಾಗಲಿ, ಅನ್ನೋರು.

ಟ್ರಂಕಿನ ತಳದಿಂದ ಒಂದನ್ನು ಎತ್ತಿ ತಂದರು.
ಬೆನ್ನಿನ ಕಡೆ, ಎಷ್ಟು ಒಗೆದರೂ ಹೋಗದೆ
ಕಂದಿ ಉಳಿದ ಒಂದು ಬಾಣ. ಉತ್ತರ.
ಮಗು ಎತ್ತ ಮಗ್ಗುಲಾದರೆ ಅತ್ತ.

ಟೇಪು ಹಿಡಿದೆ. ಕೈ ಸ್ವಲ್ಪ ನಡುಗಿತು.
ನಾನೇ ಗೆರೆ ಎಳೆದುಕೊಂಡ ಹೊಸ ಕಾಲಮ್ಮಿನ ಎದುರು ಬರೆದೆ:
ಜಬಲಾ ಒಂದು, ಉದ್ದ ಹದಿನೈದು ಅಂಗುಲ,
ಎಡತೋಳಿನ ಹೊಲಿಗೆ ಬಿಟ್ಟಿದೆ.

ಹಾಲೇಶಿ ಬಗ್ಗಿ ನೋಡಿದ.
ನಾಲ್ಕು ಕಳೀರಿ, ಸಾರ್.