ಲವಂಗ

ನಾಲಿಗೆ ಮತ್ತೆ ಅಲ್ಲಿಗೇ ಹೋಗುತ್ತದೆ,
ಎಡಗಡೆಯ ಕೆಳದವಡೆ, ಕೊನೆಯಿಂದ ಎರಡನೆಯದು.
ಬೇಡವೆಂದರೂ ಹೋಗುತ್ತದೆ.
ಅದರ ಹಿಂದೆಯೇ ಮನಸ್ಸು, ಆ ಏಳಕ್ಕೆ.

ಇಸ್ಪೀಟು ಏಳು. ನಾಲ್ಕನೆಯ ಎಲೆ.
ಗುರುವಾರ ರಾತ್ರಿ, ಸೋಹಾರ್ ಬಂದರಿನ ಹಿಂದೆ
ರೆಬೆಲ್ಲೋನ ಕೋಣೆ; ಮಂಚ ಗೋಡೆಗೆ ಒರಗಿಸಿ
ನೆಲಕ್ಕೆ ಹಾಸಿದ ಹಸಿರು ಬೆಡ್‌ಶೀಟು.
ಕಾಸು ಹೊರಗೆ ಕಾಣುವಂತಿಲ್ಲ, ಯಾರಾದರೂ ಬಾಗಿಲು ಬಡಿದರೆ?
ಅದಕ್ಕೇ ಖರ್ಜೂರದ ಬೀಜ,
ತೊಳೆದು ಒಣಗಿಸಿ ಹಾಲುಪುಡಿ ಡಬ್ಬಿಯಲ್ಲಿ ತುಂಬಿಟ್ಟದ್ದು,
ಒಂದಕ್ಕೆ ಅರ್ಧ ರಿಯಾಲು.

ಹನ್ನೊಂದರವರೆಗೂ ಗುಡ್ಡೆ ನನ್ನ ಮುಂದೆಯೇ.
ಹಗಲೆಲ್ಲ ನಾನು ಟ್ಯಾಲಿ,
ಕಂಟೇನರಿನ ನಂಬರು ಬರೆದುಕೊಳ್ಳುವವನು,
ಕ್ರೇನಿನ ಮೇಲಿನಿಂದ "ಏ ಟ್ಯಾಲಿ" ಅಂದರೆ ತಲೆಯೆತ್ತುವವನು.
ಅವತ್ತು ಜಯತಿಲಕ ಗ್ಲಾಸು ಕೆಳಗಿಟ್ಟು
ತನ್ನ ಹರಕು ಹಿಂದಿಯಲ್ಲಿ
"ತಡಿ, ಮೋನಪ್ಪ ಏನು ಮಾಡ್ತಾನೆ ನೋಡೋಣ" ಅಂದ.
ನಾಲ್ಕು ಜನ ಉಸಿರು ಹಿಡಿದು ಕಾಯುತ್ತಿದ್ದ ಹೆಸರು, ನನ್ನದು.
ಅದಕ್ಕೆ ಎಷ್ಟು ಬೀಜ ಕೊಟ್ಟರೂ ಅಗ್ಗವೇ ಅನ್ನಿಸಿತ್ತು.

ಕೈಯಲ್ಲಿ ಎರಡು ರಾಜ. ಹಾಸಿನ ಮೇಲೆ ಇನ್ನೊಬ್ಬ,
ಪಕ್ಕದಲ್ಲಿ ಎಂಟು, ಆರು.
ಮೂವರು ರಾಜರನ್ನು ಹೊಟ್ಟೆಯಲ್ಲಿಟ್ಟುಕೊಂಡು
ಉಪವಾಸದವನ ಮುಖ ಮಾಡಿದೆ.
ಆಮೇಲೆ ಏಳು ಬಿತ್ತು.

ಸಂಜೆಯಿಂದ ಬೆರಳ ಲಟಿಕೆ ಮುರಿಯುತ್ತಿದ್ದ ರೆಬೆಲ್ಲೋ
ಮುರಿಯುವುದು ನಿಲ್ಲಿಸಿದ.
ಅಷ್ಟೇ.
ಏಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುವುದು ಕೇಳಿಸಿತು.

ಅದೃಷ್ಟ ಕೈಕೊಟ್ಟಿತು ಅಂತ ರೊಮೆಲ್ ಆಮೇಲೆ ಹೆಗಲು ತಟ್ಟಿದ.
ಇಲ್ಲ ಮಾರಾಯ. ನನಗೆ ಗೊತ್ತಿತ್ತು.
ಗೊತ್ತಾಗುವುದು ತಲೆಗೆ,
ಎಲೆ ಕೆಳಗಿಡಬೇಕಾದದ್ದು ಕೈ,
ನಡುವೆ ಒಂದು ಮೊಳ ತೋಳು, ಅದನ್ನು ದಾಟಲಾಗಲಿಲ್ಲ.
ಕೈ ತನ್ನಷ್ಟಕ್ಕೆ ಗುಡ್ಡೆಯನ್ನು ನಡುವಿಗೆ ತಳ್ಳಿತು.
ಸಾಲದೆಂದು ಕಟ್ಟಳೆ ಮುರಿದು
ಜೇಬಿನ ಲಕೋಟೆಯನ್ನೂ ಇಟ್ಟಿತು:
ಶನಿವಾರ ಹಲ್ಲಿನ ಡಾಕ್ಟರಿಗೆಂದು ತೆಗೆದಿಟ್ಟ ತೊಂಬತ್ತು ರಿಯಾಲು.

ಕೊನೆಯ ಎಲೆ ಎರಡು, ಯಾರ ಗೋಜಿಗೂ ಬಾರದ್ದು.
ಒಂಬತ್ತು, ಹತ್ತು. ರೆಬೆಲ್ಲೋ ಮೆಲ್ಲಗೆ ಮಗುಚಿದ.
ಆರು ಏಳು ಎಂಟು ಒಂಬತ್ತು ಹತ್ತು,
ಅಂಗನವಾಡಿಯ ಮಗು ಒಪ್ಪಿಸಿದ ಹಾಗೆ!
ನನ್ನ ರಾಜರು ಹಸಿರು ಬೆಡ್‌ಶೀಟಿನ ಮೇಲೆ
ಕೊನೇ ಬಸ್ಸು ತಪ್ಪಿಸಿಕೊಂಡವರಂತೆ ನಿಂತಿದ್ದರು.

ಡಾಕ್ಟರಮ್ಮನ ಕ್ಲಿನಿಕ್ಕಿಗೆ ಫೋನು ಮಾಡಿ
ಮುಂದಿನ ತಿಂಗಳು ಅಂದಿದ್ದೇನೆ.
ಎಡಕ್ಕೆ ಅಗಿಯುವುದಿಲ್ಲ. ಬಿಸಿ ಚಹಾ ಬಲಕ್ಕೆ.
ಹಲ್ಲಿನದಕ್ಕಾದರೂ ಒಂದು ಜಾಗ ಇದೆ.

ಎಣಿಸುವಾಗ ರೆಬೆಲ್ಲೋ ನನ್ನತ್ತ ನೋಡಲಿಲ್ಲ, ಒಳ್ಳೆಯವನು.
ಬಾಗಿಲವರೆಗೆ ಬಂದ. ಕೆನ್ನೆ ಹಿಡಿದದ್ದು ಕಂಡು ಒಳಗೆ ಹೋಗಿ
ಮಸಾಲೆ ಡಬ್ಬದಿಂದ ಎರಡು ಲವಂಗ ತಂದ.
"ಕಚ್ಚಿ ಹಿಡ್ಕೋ."
ಕೈ ಚಾಚಿ ಇಸಿದುಕೊಂಡೆ.
ಹೊರಗೆ ಹಬೆಯಂಥ ಗಾಳಿ, ನಿಂತಲ್ಲೇ ಅಂಗಿ ಒದ್ದೆ.
"ಗುರುವಾರ ಬರ್ತೀಯಲ್ಲ?" ಅಂದ.
ಬಾಯಲ್ಲಿ ಲವಂಗ.
ಹೂಂ ಅಂದೆನೋ
ಊಹೂಂ ಅಂದೆನೋ,
ಅವನಿಗೆ ಏನು ಕೇಳಿಸಿತೋ.