ಹಿಂಗೋಡೆ

ಮನೆ ಕಟ್ಟಿ ನೋಡು ಎಂದವರುಂಟು.
ಕಟ್ಟಿದ್ದರ ಬೆನ್ನು ಬಿಚ್ಚಿ ನೋಡು
ಎಂದವರನ್ನು ನಾನು ಕಂಡಿಲ್ಲ.

ಗ್ರಿಮ್ಸ್‌ಬಿಯಲ್ಲಿ, ಮೀನುಬಂದರಿಗೆ ಮೂರು ಬೀದಿ ಆಚೆ,
ವಿಕ್ಟೋರಿಯಾ ರಾಣಿಯ ಕಾಲದ ಕೆಂಪಿಟ್ಟಿಗೆಯ ಸಾಲುಮನೆ.
ಎಡಗೋಡೆಯಲ್ಲಿ ಅರ್ಧ ಒಬ್ಬರದು, ಬಲಗೋಡೆಯಲ್ಲಿ ಅರ್ಧ ಇನ್ನೊಬ್ಬರದು,
ಮುಂಗೋಡೆ ಬೀದಿಯದು.
ಪೂರ್ತಿ ನಮ್ಮದು ಅನ್ನುವುದು ಹಿಂಗೋಡೆ ಒಂದೇ.
ಅದನ್ನೇ ಕೆಡವಬೇಕು.

ವಿಲ್ಫ್ ಪ್ಲಾಸ್ಕಿಟ್ ಬಂದ, ಗಾರೆಯವನು.
ಸಂದಿಗೆ ಉಗುರು ತೂರಿಸಿ ಕೆರೆದು
ನಾಲಗೆಗೆ ಮುಟ್ಟಿಸಿಕೊಂಡ. ‘ಸುಣ್ಣ’ ಅಂದ,
ಮಗು ಪಾಸಾಯಿತು ಅನ್ನುವ ಹಾಗೆ.
‘ಸಿಮೆಂಟಾಗಿದ್ದರೆ ಒಂದಿಟ್ಟಿಗೆಯೂ ಇಡಿಯಾಗಿ ಸಿಗ್ತಿರಲಿಲ್ಲ.
ಇಟ್ಟಿಗೆ ಒಡೆದರೂ ಅದು ಬಿಡೋದಿಲ್ಲ.
ಸುಣ್ಣ ನೂರು ವರ್ಷ ಹಿಡಿದಿರುತ್ತೆ,
ಕೇಳಿದರೆ ಬಿಡುತ್ತೆ.’

ನಾನು ಟೀ ಇಡಲು ಒಳಗೆ ಹೋದೆ.

ಅಕ್ಕ ಡೋರೀನ್ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷ.
ಯಾವುದಕ್ಕೆ ಅಂತ ಕೇಳಬೇಡಿ,
ಅಮ್ಮನ ಹೊಲಿಗೆ ಮಿಷಿನ್ನಿಗೆ.
ಮಾರ್ಚಿಗೆ ಬರುತ್ತಾಳೆ, ಗಾಲಿಕುರ್ಚಿಯಲ್ಲಿ,
ಎಡಗಾಲನ್ನು ಆಸ್ಪತ್ರೆಯಲ್ಲಿ ಬಿಟ್ಟು.
ಮಾತೆಲ್ಲ ಆಡಿದ್ದು ನನ್ನ ಗಂಡ ಕ್ಲೆಮ್, ಫೋನಿನಲ್ಲಿ.
ನಕ್ಷೆಯಲ್ಲಿ ಅವಳು ಹನ್ನೆರಡಡಿ ಉದ್ದ, ಹತ್ತಡಿ ಅಗಲ,
ಹೊಸಿಲಿಲ್ಲದ ಒಂದು ಬಾಗಿಲು.

ಮೂರು ವಾರ, ಪಾಳಿ ಮುಗಿಸಿ ಬಂದು,
ಮೀನು ಪ್ಯಾಕು ಮಾಡಿದ ಕೈಯಲ್ಲೇ ಇಟ್ಟಿಗೆ ಹೆರೆದೆ,
ಹುರುಪೆ ತೆಗೆದಂತೆ, ಬಾಲದಿಂದ ತಲೆಗೆ.
ಸಾವಿರದ ಎಪ್ಪತ್ತೊಂಬತ್ತು. ಎಣಿಸಿದ್ದು ನಾನೇ.
ಒಂದರ ಮೇಲೆ ನಾಯಿಹೆಜ್ಜೆ.
ಒಂದರ ಮೇಲೆ ಹೆಬ್ಬೆಟ್ಟು,
ನನ್ನ ಕಿರುಬೆರಳೂ ಕೂರದಷ್ಟು ಸಣ್ಣದು.
ಹಸಿ ಇಟ್ಟಿಗೆ ಹೊತ್ತು ಸಾಲಿಗಿಡುತ್ತಿದ್ದ ಎಂಟೊಂಬತ್ತರ ಕೂಸು,
ಓದು ಬಾರದ್ದು,
ಯಾವ ಪತ್ರಕ್ಕೆ ಒತ್ತಿತೋ.

‘ಇದು ಕಣ್ಣೆತ್ತರಕ್ಕೆ ಬರಲಿ’ ಅಂದ ಕ್ಲೆಮ್.
ವಿಲ್ಫ್ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಜನವರಿಯೆಲ್ಲ ಅಡುಗೆಮನೆಗೆ ಬೆನ್ನಿಲ್ಲ.
ನೀಲಿ ಟಾರ್ಪಾಲು ರಾತ್ರಿಯಿಡೀ ಹಾಯಿಯಂತೆ ಬಡಿದು
ಮನೆ ಎಲ್ಲಿಗೋ ಹೊರಟಂತಿತ್ತು.
ಹಿಂದಿನ ಬೀದಿಯ ಮಿಸೆಸ್ ಗ್ರಾಂಟ್‌ಹ್ಯಾಮ್
ನನ್ನ ಸೀದ ಬಾಣಲೆ ನೋಡಿ
ಉಪ್ಪು ಹಾಕಿ ಉಜ್ಜು ಅಂತ ಕೂಗಿ ಹೇಳಿದಳು.

ಆಮೇಲೆ ಗೋಡೆ ಹತ್ತಡಿ ನಡೆದು ಹಿತ್ತಲಿಗೆ ಬಂತು.
ನಡೆಯುವಾಗ ತಿರುಗಿತು ಕೂಡ.
ಮಳೆ ತಿಂದ ಮುಖವನ್ನು ವಿಲ್ಫ್ ಒಳಗಿಟ್ಟ,
ಒಳಗಿದ್ದ ಮುಖ ಹೊರಗೆ.
ಯಾರ್ಯಾರದೋ ಊಟ, ಜಗಳ, ಮಸಿ,
ಹಸಿರು ಬಣ್ಣದ ಒಂದು ಚಕ್ಕೆ
ಮೊದಲ ಸಲ ಉತ್ತರ ಸಮುದ್ರದ ಗಾಳಿಗೆ ಒಡ್ಡಿಕೊಂಡವು.
ಇನ್ನೂರು ಕಡಿಮೆ ಬಿತ್ತು. ಕೆಡವಿದ ಲಾಂಡ್ರಿಯೊಂದರವು ಸಿಕ್ಕವು,
ತುಸು ನೇರಳೆ. ಹೊಂದುವುದಿಲ್ಲ ಅಂದೆ.
‘ಹತ್ತು ಚಳಿಗಾಲ ತಿನ್ನಲಿ’ ಅಂದ.

ಸುಣ್ಣಕ್ಕೆ ಅವಸರವಿಲ್ಲ, ಹಿಮಕ್ಕೆ ಇದೆ.
ರಾತ್ರಿ ಎದ್ದು ಗೋಣಿತಾಟು ಸರಿಮಾಡುತ್ತಿದ್ದೆ,
ಟಾರ್ಚು ಬಾಯಲ್ಲಿ ಕಚ್ಚಿಕೊಂಡು.
ಹೆಬ್ಬೆಟ್ಟಿನ ಇಟ್ಟಿಗೆ ಕಂಡಿದ್ದು ಹಾಗೊಂದು ರಾತ್ರಿ:
ಬಾಗಿಲ ಪಕ್ಕ, ನನ್ನ ಸೊಂಟಕ್ಕಿಂತ ಒಂಚೂರು ಮೇಲೆ.
ಮುದುಕ ಮರೆತ ಅಂದುಕೊಂಡೆ.
ಬಯ್ದೆ ಕೂಡ, ಗೋಣಿಯೊಳಗೆ.

ಮಾರ್ಚಿ ಎರಡನೇ ವಾರ ಕ್ಲೆಮ್ ಅವಳನ್ನು ದೂಡಿಕೊಂಡು
ಹಿತ್ತಲ ಕಡೆಯಿಂದ ಬಂದ.
ಬಾಗಿಲ ಬಳಿ ಕುರ್ಚಿ ನಿಂತಿತು.
ಅಕ್ಕನ ಕಣ್ಣು ನೇರ ಆ ಗುರುತಿನ ಮೇಲೆ,
ಒಂದಿಂಚು ಮೇಲಿಲ್ಲ, ಕೆಳಗಿಲ್ಲ.
ನಕ್ಷೆಯನ್ನು ಅವನೊಬ್ಬನೇ ಕೂತು ಓದಿದ್ದ.

ಅವಳು ಕೈ ಚಾಚಿದಳು.
‘ಮುಟ್ಟಬೇಡ, ಸಂದು ಇನ್ನೂ ಹಸಿ’ ಅಂದೆ.
ಹನ್ನೊಂದು ವರ್ಷದ ಮೇಲೆ ನಾನಾಡಿದ ಮೊದಲ ಮಾತು.

ಮುಟ್ಟಿದಳು.